ಮೋಶಿಯಲ್ಲಿ ಎರಡು ಗಂಟೆ ಎಂದರೆ ಎಷ್ಟು ಗಂಟೆ?

ನಮ್ಮ ಪ್ರವಾಸದ ಈ ವಿಡಿಯೋದಲ್ಲಿ ಈಗ ನಿಮಗೆ ಕಾಣುತ್ತಿರುವುದು ಒಂದು ನೀಲಿ ಗೇಟು. ಅದರ ಮುಂದೆ ಏಳು ಜನ ನಿಂತಿದ್ದಾರೆ. ಹೆಗಲಲ್ಲಿ ಚೀಲ, ಕೈಯಲ್ಲಿ ಬಣ್ಣ ಬಳಿಯುವ ಬ್ರಷ್ಷು, ಮುಖದಲ್ಲಿ ಸೇವೆಗೆ ಹೊರಟವರ ಗಾಂಭೀರ್ಯ. ಸಮಯ ಮಧ್ಯಾಹ್ನ ಎರಡೂವರೆ. ನಾವು ಶಾಲೆಯ ವ್ಯಾನಿಗಾಗಿ ಕಾಯುತ್ತಿದ್ದೇವೆ. ಆ ವ್ಯಾನು ಬೆಳಿಗ್ಗೆ ಎಂಟಕ್ಕೇ ಬಂದು, ನಾಲ್ಕು ಸಲ ಹಾರ್ನ್ ಹೊಡೆದು, ಹೊರಟುಹೋಗಿತ್ತು. ಆ ಹಾರ್ನ್ ಕೇಳಿ ಯಾರಪ್ಪಾ ಇವನು ಎಂದು ಗೊಣಗಿಕೊಂಡು ಮಗ್ಗುಲು ಬದಲಿಸಿದವರಲ್ಲಿ ನಾನೂ ಒಬ್ಬ.

ಊರು ಟಾಂಜಾನಿಯಾದ ಮೋಶಿ. 5,895 ಮೀಟರ್ ಎತ್ತರದ ಕಿಲಿಮಂಜಾರೋ ಪರ್ವತದ ದಕ್ಷಿಣ ತಪ್ಪಲಿನಲ್ಲಿದೆ. ಸ್ವಾಹಿಲಿಯಲ್ಲಿ ಮೋಶಿ ಎಂದರೆ ಹೊಗೆ. ಅಲ್ಲಿಯ ಒಂದು ಪ್ರಾಥಮಿಕ ಶಾಲೆಯ ನಾಲ್ಕು ಕೋಣೆಗಳಿಗೆ ಬಣ್ಣ ಬಳಿಯುವುದು, ಅಂಗಳದಲ್ಲಿ ಗಿಡ ನೆಡುವುದು ನಮ್ಮ ಕೆಲಸ. ತಂಡದ ನಾಯಕಿ ನಿವೃತ್ತ ನರ್ಸ್, ನಮಗೆಲ್ಲ ಅಕ್ಕ. ಗಣಿತದ ಮೇಷ್ಟ್ರೊಬ್ಬರಿದ್ದರು. ಕಾಲೇಜಿನ ಇಬ್ಬರು ಹುಡುಗಿಯರು, ಒಂದು ದಂಪತಿ, ಮತ್ತು ಕೆಲಸ ತಪ್ಪಿಸಿಕೊಳ್ಳಲು ಕ್ಯಾಮೆರಾ ಹಿಡಿದ ನಾನು.

ಹಿಂದಿನ ರಾತ್ರಿ ನಮ್ಮನ್ನು ವಿಮಾನ ನಿಲ್ದಾಣದಿಂದ ಕರೆತಂದ ಚಾಲಕ ಇಳಿಸುವಾಗ ಹೇಳಿದ್ದು ಇಷ್ಟೇ: "ಸಾ ಮ್ಬಿಲಿ ಅಸುಬುಹಿ." ವಿಮಾನದಲ್ಲಿ ಒಂದರಿಂದ ಹತ್ತರವರೆಗೆ ಬಾಯಿಪಾಠ ಮಾಡಿಕೊಂಡಿದ್ದ ಹುಡುಗಿ ತಕ್ಷಣ, "ಮ್ಬಿಲಿ ಎಂದರೆ ಎರಡು! ಎರಡು ಗಂಟೆಗೆ ಬರುತ್ತಾರೆ" ಎಂದಳು. ಅಸುಬುಹಿಯ ಕಥೆ ಏನು ಎಂದು ಅಕ್ಕ ಕೇಳಿದರು. ಶುಭರಾತ್ರಿಯಂಥದ್ದು ಏನೋ ಇರಬೇಕು, ಒಳಗೆ 'ಸುಬು' ಇದೆಯಲ್ಲ ಎಂದು ನಾನೇ ಅರ್ಥ ಕೊಟ್ಟೆ. ಅಸುಬುಹಿ ಎಂದರೆ ಬೆಳಿಗ್ಗೆ.

ಸ್ವಾಹಿಲಿ ಗಡಿಯಾರ ಮಧ್ಯರಾತ್ರಿಯಿಂದ ಶುರುವಾಗುವುದಿಲ್ಲ, ಬೆಳಗಿನಿಂದ ಶುರುವಾಗುತ್ತದೆ. ಭೂಮಧ್ಯರೇಖೆ ಹತ್ತಿರವಿರುವುದರಿಂದ ಅಲ್ಲಿ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟುತ್ತಾನೆ. ನಮ್ಮ ಏಳು ಗಂಟೆ ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ಕೈಗಡಿಯಾರದಲ್ಲಿ ಗಂಟೆಯ ಮುಳ್ಳು ಎಲ್ಲಿದೆಯೋ ಅದರ ಎದುರಿನ ಅಂಕೆ ಓದಿದರೆ ಸರಿಹೋಯಿತು. ಇದನ್ನು ಕೇಳಿ ನಾವೆಲ್ಲ ತಲೆ ಕೆರೆದುಕೊಂಡರೆ ಮೇಷ್ಟ್ರು ಮಾತ್ರ ಹಿಗ್ಗಿಹೋದರು. "ಇದರಲ್ಲಿ ವಿಚಿತ್ರ ಏನಿದೆ? ಪಂಚಾಂಗದಲ್ಲಿ ಸೂರ್ಯೋದಯಾದಿ ಗಳಿಗೆ ಎಣಿಸುವುದಿಲ್ಲವೇ? ಇಪ್ಪತ್ತನಾಲ್ಕು ನಿಮಿಷಕ್ಕೆ ಒಂದು ಗಳಿಗೆ. ಇವರದೇ ಸರಿ, ನಡುರಾತ್ರಿ ದಿನ ಶುರುಮಾಡುವವರದೇ ತಪ್ಪು." ಅಂದಿನಿಂದ ಗಂಟೆಯ ಖಾತೆ ಮೇಷ್ಟ್ರದಾಯಿತು. ಆ ನಿರ್ಧಾರದ ಫಲ ಆಮೇಲೆ ನೋಡುತ್ತೀರಿ.

ಈಗ ಈ ದೃಶ್ಯ. ಶಾಲೆಯ ಅಂಗಳದಲ್ಲಿ ಅಕ್ಕ ಬಕೆಟ್ ಹಿಡಿದು ಬರುತ್ತಿದ್ದಾರೆ. ನೋಡಿ, ಕಲ್ಲಿಗೆ ಎಡವಿದರು. ಪೆಟ್ಟೇನೂ ಆಗಲಿಲ್ಲ. ಆದರೆ ಸುತ್ತಲಿದ್ದ ಹೆಂಗಸರು, ಶಿಕ್ಷಕರು, ಮಕ್ಕಳು ಎಲ್ಲರೂ ಒಂದೇ ದನಿಯಲ್ಲಿ ಕೂಗಿದ್ದನ್ನು ಕೇಳಿಸಿಕೊಳ್ಳಿ: "ಪೋಲೆ ಮಾಮಾ! ಪೋಲೆ!"

ಅಕ್ಕನ ಮುಖ ಕೆಂಪಾಯಿತು. "ಬಿದ್ದವಳನ್ನು ಎತ್ತುವುದು ಬಿಟ್ಟು ಪೋಲಿ ಎನ್ನುತ್ತಾರಲ್ಲ! ಅದೂ ಮಾಮ ಅಂತೆ! ನಾನು ಗಂಡಸಿನ ಹಾಗೆ ಕಾಣುತ್ತೇನೆಯೇ?" ಮುಖ್ಯೋಪಾಧ್ಯಾಯಿನಿಯೇ ಬಂದು ಸಮಾಧಾನ ಮಾಡಬೇಕಾಯಿತು. ಪೋಲೆ ಎಂದರೆ ಅಯ್ಯೋ ಪಾಪ. ತಪ್ಪು ಮಾಡಿದವರು ಹೇಳುವ ಕ್ಷಮಾಪಣೆಯಲ್ಲ, ಯಾರಿಗೆ ಏನು ಕಷ್ಟವಾದರೂ ಕಂಡವರೆಲ್ಲ ಹೇಳುವ ಮಾತು. ಕೆಮ್ಮಿದರೂ ಪೋಲೆ, ಮಳೆಯಲ್ಲಿ ನೆನೆದರೂ ಪೋಲೆ. ಹಲವರಿದ್ದರೆ ಪೋಲೆನಿ. ಕೆಲಸ ಮಾಡುತ್ತಿರುವವರಿಗೂ ಹೇಳುತ್ತಾರೆ. ನಾವು ಬಣ್ಣ ಬಳಿಯುವುದನ್ನು ನೋಡಿದವರೆಲ್ಲ "ಪೋಲೆನಿ" ಎಂದು ಹೇಳಿಯೇ ಮುಂದೆ ಹೋಗುತ್ತಿದ್ದರು. ನಮ್ಮ ಕೆಲಸದ ಗುಣಮಟ್ಟ ನೋಡಿ ಮರುಗಿದರೋ ಎಂಬ ಅನುಮಾನ ನನಗೆ ಇಂದಿಗೂ ಇದೆ.

ಮಾಮಾ ಎಂದರೆ ಅಮ್ಮ. ಬಂಧುವಾಚಕಗಳ ಗೋಜಲು ಅಲ್ಲಿಗೇ ಮುಗಿಯಲಿಲ್ಲ. ದಾದಾ ಎಂದರೆ ಅಕ್ಕ, ಕಾಕಾ ಎಂದರೆ ಅಣ್ಣ, ಬಾಬು ಎಂದರೆ ತಾತ. ಮಾರುಕಟ್ಟೆಯಲ್ಲಿ ತರಕಾರಿ ಮಾರುವವರೆಲ್ಲ ನಮ್ಮ ಇಬ್ಬರು ಸಾಧು ಹುಡುಗಿಯರನ್ನು "ದಾದಾ, ದಾದಾ" ಎಂದು ಕರೆಯುವಾಗ, ಮಾಮೂಲಿ ವಸೂಲಿಗೆ ಬಂದ ರೌಡಿಗಳ ಹಿಂದೆ ನಡೆಯುತ್ತಿರುವಂತೆ ನನಗೆ ಅನಿಸುತ್ತಿತ್ತು. ಮಕ್ಕಳು ಹಿರಿಯರನ್ನು ಕಂಡಾಗ ಗೌರವದಿಂದ ನಮಸ್ಕರಿಸಲು "ಶಿಕಾಮೋ" ಎನ್ನುತ್ತಾರೆ. ಅದಕ್ಕೆ ಹಿರಿಯರು "ಮರಹಬಾ" ಎನ್ನಬೇಕು. ಮೇಷ್ಟ್ರು ಮೂರು ದಿನ ಮಕ್ಕಳಿಗೆ ತಿರುಗಿ "ಶಿಕಾಮೋ" ಎಂದೇ ಹೇಳಿದರು. ತಾತನೇ ಮೊಮ್ಮಗನ ಕಾಲಿಗೆ ಬಿದ್ದಂತಾಯಿತು. ಮಕ್ಕಳು ನಗುತ್ತಾ ಓಡಿಹೋಗಿ ಮತ್ತೆ ನಾಲ್ವರನ್ನು ಕರೆತರುತ್ತಿದ್ದರು.

ದಾಲಾದಾಲಾ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅದು ಅಲ್ಲಿಯ ಬಾಡಿಗೆ ವ್ಯಾನು, ಊರಿನ ಬಸ್ಸು ಎಂದರೂ ಅದೇ. ತುಂಬಿದೆ ಎಂಬ ಮಾತು ಅದರ ಶಬ್ದಕೋಶದಲ್ಲಿಲ್ಲ. ಇಳಿಯಬೇಕಾದವರು "ಶುಶಾ" ಎಂದು ಕೂಗಬೇಕು. ನಮಗೆ ಗೊತ್ತಿರಲಿಲ್ಲ. ನಾವು "ಸ್ಟಾಪ್" ಎಂದೆವು, ಕೈ ತಟ್ಟಿದೆವು, ಅಕ್ಕ ಶುದ್ಧ ಕನ್ನಡದಲ್ಲಿ "ನಿಲ್ಲಿಸಪ್ಪಾ" ಎಂದರು. ಶಾಲೆ ಕಿಟಕಿಯಲ್ಲಿ ಬಂತು, ಹೋಯಿತು. ಯಾವುದೋ ಸಂತೆಯಲ್ಲಿ ಇಳಿದು ಆಟೋ ಹಿಡಿದು ಹಿಂದಿರುಗಿದೆವು. ಆಟೋಗೆ ಅಲ್ಲಿ ಬಜಾಜಿ ಎನ್ನುತ್ತಾರೆ. ಹೌದು, ಆ ಬಜಾಜೇ.

ಇನ್ನು ಇದು. ಈ ಹಳದಿ ಗೋಡೆ ನೋಡಿ. ಎಷ್ಟು ನುಣುಪಾಗಿದೆ, ಒಂದು ಗೆರೆಯಿಲ್ಲ, ಒಂದು ಹನಿ ಸೋರಿಲ್ಲ. ದಂಪತಿ ಎರಡು ದಿನ ಬೆವರು ಸುರಿಸಿ ಬಳಿದದ್ದು. ಅದರ ಮೇಲೆ ಮೊದಲು ಒಂದು ದೊಡ್ಡ ಕಪ್ಪು ಆಯತ ಇತ್ತು. ಯಾವುದೋ ಹಳೆಯ ಬಣ್ಣ, ಮಾಸಿಹೋಗಿದೆ ಎಂದು ಅದನ್ನೂ ಮುಚ್ಚಿದ್ದರು. ಅದು ಕಪ್ಪುಹಲಗೆ. ಗೋಡೆಗೇ ಕಪ್ಪು ಬಣ್ಣ ಬಳಿದು ಹಲಗೆ ಮಾಡಿಕೊಂಡಿದ್ದರು. ಸೋಮವಾರ ಬೆಳಿಗ್ಗೆ ಶಿಕ್ಷಕಿ ಸೀಮೆಸುಣ್ಣ ಹಿಡಿದು ಬಂದು ಆ ಹಳದಿಯ ಮುಂದೆ ಸುಮ್ಮನೆ ನಿಂತರು. ಆಮೇಲೆ ನಮ್ಮ ಕಡೆ ತಿರುಗಿ ಮೆಲ್ಲಗೆ, "ಪೋಲೆನಿ" ಎಂದರು. ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಸಂಜೆ ಊರಿನ ಬಣ್ಣದ ಕೆಲಸಗಾರರೊಬ್ಬರು ಬಂದು ಒಂದೇ ಗಂಟೆಯಲ್ಲಿ ಹಲಗೆಯನ್ನು ಮರಳಿ ಮೂಡಿಸಿದರು. ಎಲ್ಲ ಕೋಣೆಗಳನ್ನೂ ಇವರಿಗೇ ಒಪ್ಪಿಸಿ, ನಮ್ಮ ವಿಮಾನದ ಟಿಕೆಟ್ ಹಣದಲ್ಲಿ ಕೂಲಿ ಕೊಡಬಹುದಿತ್ತಲ್ಲ ಎಂಬ ಲೆಕ್ಕ ಮೇಷ್ಟ್ರ ತಲೆಯಲ್ಲಿ ಓಡಿತಂತೆ. ಉತ್ತರ ಎಷ್ಟು ಬಂತು ಎಂದು ಅವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಶನಿವಾರ ರಜೆ. ಮಾತೆರುನಿ ಜಲಪಾತಕ್ಕೆ ಹೋಗುವುದೆಂದಾಯಿತು. ಹಿಂದೆ ಆದದ್ದನ್ನು ನೆನಪಿಟ್ಟುಕೊಂಡಿದ್ದ ಚಾಲಕ, ನಮ್ಮ ಅನುಕೂಲಕ್ಕೆಂದೇ ಇಂಗ್ಲಿಷಿನಲ್ಲಿ, ಇಂಗ್ಲಿಷ್ ಗಡಿಯಾರದಲ್ಲೇ, ಹತ್ತು ಗಂಟೆಗೆ ಬರುತ್ತೇನೆ ಎಂದರು. ಗಂಟೆಯ ಖಾತೆ ಮೇಷ್ಟ್ರದಲ್ಲವೇ? "ಅವರ ಹತ್ತು ಎಂದರೆ ನಮ್ಮ ನಾಲ್ಕು. ಸಂಜೆ ನಾಲ್ಕಕ್ಕೆ ಯಾರೂ ಜಲಪಾತಕ್ಕೆ ಹೊರಡುವುದಿಲ್ಲ. ಆದ್ದರಿಂದ ಬೆಳಗಿನ ಜಾವ ನಾಲ್ಕು." ಲೆಕ್ಕದಲ್ಲಿ ಒಂದು ದೋಷವೂ ಇರಲಿಲ್ಲ.

ನಾಲ್ಕಕ್ಕೆ ಅದೇ ನೀಲಿ ಗೇಟು, ಅದೇ ಏಳು ಜನ. ರಾತ್ರಿ ಕಾವಲುಗಾರ ಕಂಬಳಿಯೊಳಗಿಂದ ಒಮ್ಮೆ ನೋಡಿ, ಏನೂ ಕೇಳದೆ ಒಳಗೆ ಹೋಗಿ ಚಹಾ ಮಾಡಿ ತಂದರು. ಅಲ್ಲಿಯೂ ಅದಕ್ಕೆ ಚಾಯ್ ಎಂದೇ ಹೆಸರು. ಈ ಒಂದು ಪದವಾದರೂ ಮೋಸ ಮಾಡಲಿಲ್ಲವಲ್ಲ ಎಂದು ಲೋಟ ಎತ್ತಿದರೆ ಹಾಲೇ ಇಲ್ಲ. ಚಾಯ್ ಯಾ ರಂಗಿ, ಅಂದರೆ ಬಣ್ಣದ ಚಹಾ.

ಐದಾಯಿತು, ಆರಾಯಿತು. ಚಾಲಕರ ಫೋನು ಆಫ್ ಆಗಿತ್ತು. ಆಕಳಿಕೆಗಳನ್ನೇ ಚಿತ್ರೀಕರಿಸಿ ನನ್ನ ಕ್ಯಾಮೆರಾದ ಬ್ಯಾಟರಿ ಮುಗಿಯಿತು. ಆಗ ಮೂಡಣ ಬೆಳಗಾಯಿತು. ಇಷ್ಟು ದಿನ ಮೋಡದ ಗೋಡೆಯಂತಿದ್ದ ಕಡೆ, ಮನೆಗಳ ತಗಡಿನ ಮಾಡಿನ ಮೇಲೆ, ನಾವು ಹುಡುಕುತ್ತಿದ್ದುದಕ್ಕಿಂತ ಬಹಳ ಎತ್ತರದಲ್ಲಿ ಕಿಲಿಮಂಜಾರೋ ಇತ್ತು. ಮಂಜು ಹೊದ್ದ ನೆತ್ತಿ ಮೊದಲು ಗುಲಾಬಿಯಾಗಿ, ಆಮೇಲೆ ಬೆಳ್ಳಗಾಯಿತು. ಅದು ಸಾಮಾನ್ಯವಾಗಿ ಬೆಳಗಿನ ಜಾವ ಮತ್ತು ಸಂಜೆ ಮಾತ್ರ ಮುಖ ತೋರಿಸುತ್ತದೆಯಂತೆ. ನಿಮಗೆ ಈಗ ಕಾಣುತ್ತಿರುವ ಅಲುಗಾಡುವ ಚಿತ್ರ ಹುಡುಗಿಯೊಬ್ಬಳ ಮೊಬೈಲಿನದು. ಬಲಗಡೆ ಇರುವುದು ಪರ್ವತ. ಎಡಗಡೆ ಇರುವ ದೊಡ್ಡದು ಮೇಷ್ಟ್ರ ಮಂಕಿ ಟೋಪಿ.

ವ್ಯಾನು ಸರಿಯಾಗಿ ಹತ್ತಕ್ಕೆ ಬಂತು. ಚಾಲಕ ಇಳಿದು, ಮೆಟ್ಟಿಲ ಮೇಲೆ ಒಬ್ಬರ ಹೆಗಲಿಗೆ ಒಬ್ಬರು ಒರಗಿ ತೂಕಡಿಸುತ್ತಿದ್ದ ನಮ್ಮನ್ನು ನೋಡಿದರು. ಕಾವಲುಗಾರ ನಾಲ್ಕು ಬೆರಳು ತೋರಿಸಿ ಏನೋ ಹೇಳಿದರು. ಚಾಲಕ ನಗಲಿಲ್ಲ. ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದು, "ಪೋಲೆನಿ, ಪೋಲೆನಿ ಸಾನಾ" ಎಂದರು.

ಎಲ್ಲರಿಗಿಂತ ಮೊದಲು ಎದ್ದವರು ಅಕ್ಕ. ಮುಂದಿನ ಸೀಟಿನಲ್ಲಿ ಕುಳಿತು, ಬಾಗಿಲು ಎಳೆದುಕೊಂಡು, ನಮ್ಮ ಕಡೆ ತಿರುಗಿ ಹೇಳಿದರು: "ಹತ್ತಿ ಪೋಲಿಗಳೇ, ಹೊತ್ತಾಯಿತು."