ಗೂಬೆಕರಡಿ ಯಾವ ಊರಿನದು?

ಕೇಳುಗರಿಗೆ ನಮಸ್ಕಾರ.

ಕರಡಿಯ ಮೈ, ಗೂಬೆಯ ಮುಖ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರು ಇದನ್ನು ಔಲ್‌ಬೇರ್ ಅನ್ನುತ್ತಾರೆ. ನಾವು ಗೂಬೆಕರಡಿ ಅನ್ನೋಣ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ ಕತೆ ಕಟ್ಟುವ ಈ ಆಟ ಅಮೆರಿಕದಲ್ಲಿ ಬಂದಿದ್ದು 1974ರಲ್ಲಿ. ಮರುವರ್ಷವೇ ಗೂಬೆಕರಡಿಯೂ ಬಂತು. ಯಾವ ಪುರಾಣದಿಂದಲೂ ಅಲ್ಲ. ಆಟ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅವರಿಗೆ ಸಿಕ್ಕಿದ್ದ, ಹಾಂಗ್‌ಕಾಂಗ್‌ನಲ್ಲಿ ಮಾಡಿದ ಅಗ್ಗದ ಪ್ಲಾಸ್ಟಿಕ್ ಗೊಂಬೆಯಿಂದ!

ಆಟದಲ್ಲಿ ಡ್ರೂಯಿಡ್ ಅಂತ ಒಂದು ಪಾತ್ರ. ಕಾಡನ್ನು ನಂಬಿದವನು, ಪ್ರಾಣಿಯ ರೂಪ ತಾಳಬಲ್ಲ. 2014ರ ನಿಯಮದಲ್ಲಿ ಒಂದು ಷರತ್ತಿದೆ. ಆ ಪ್ರಾಣಿ ‘ಬೀಸ್ಟ್’ ಆಗಿರಬೇಕು, ಅಂದರೆ ಆ ಲೋಕದ ಸಹಜ ಜೀವಿ. ಗೂಬೆಕರಡಿ ಇರುವುದು ‘ಮಾನ್‌ಸ್ಟ್ರಾಸಿಟಿ’, ಅಂದರೆ ಅಸಹಜ ಜೀವಿಗಳ ಪಟ್ಟಿಯಲ್ಲಿ. ಹಾಗಾಗಿ ಡ್ರೂಯಿಡ್ ಅದರ ರೂಪ ತಾಳುವಂತಿಲ್ಲ.

ಕುದುರೆ ಗಾತ್ರದ ಜೇಡ ಮಾತ್ರ ಬೀಸ್ಟ್! ನಮ್ಮ ಲೋಕದಲ್ಲಿ ಅಂಥ ಜೇಡ ಎದ್ದು ನಿಲ್ಲಲಾರದು. ಮೈಯ ಅಳತೆ ಎರಡು ಪಟ್ಟಾದರೆ ತೂಕ ಎಂಟು ಪಟ್ಟು, ಕಾಲಿನ ಬಲ ನಾಲ್ಕೇ ಪಟ್ಟು. ಲೆಕ್ಕಕ್ಕೆ ಕೂಡದ ಜೇಡ ಸಹಜ, ಕಾಡಲ್ಲಿ ಮೊಟ್ಟೆ ಇಟ್ಟು ಮರಿ ಮಾಡುವ ಗೂಬೆಕರಡಿ ಅಸಹಜ.

ಯಾರೋ ಹುಚ್ಚು ಮಾಂತ್ರಿಕ ಅದನ್ನು ಮಾಡಿರಬೇಕು ಅಂತ ಹಳೆಯ ಪುಸ್ತಕಗಳು ಹೇಳುತ್ತವೆ. ಇರಲಿ, ನಮ್ಮ ಕಸಿ ಮಾವಿನ ಮರವೂ ಮನುಷ್ಯ ಮಾಡಿದ್ದೇ ಅಲ್ವಾ?

2008ರ ಆವೃತ್ತಿ ಇನ್ನೂ ತಮಾಷೆಯಾಗಿದೆ. ಅಲ್ಲಿ ಪ್ರತಿ ಜೀವಿಗೂ ಮೂಲ ಯಾವುದು ಅಂತ ಬರೆದಿದ್ದಾರೆ. ಮಂತ್ರದಿಂದ ಎದ್ದು ಓಡಾಡುವ ಅಸ್ಥಿಪಂಜರಕ್ಕೆ ‘ನ್ಯಾಚುರಲ್’ ಅಂತ ಇದೆ! ಗೂಬೆಕರಡಿಗೆ ‘ಫೇ’, ಅಂದರೆ ಯಕ್ಷಿಣಿಯರ ಲೋಕದ್ದು. ಓದಿ ನಗು ಬಂತು. ಆಮೇಲೆ ಹೊಳೆಯಿತು. ಅವರು ಕೇಳಿದ್ದು ಹೇಗೆ ಹುಟ್ಟಿದೆ ಅಂತಲ್ಲ, ಯಾವ ಊರಿನದು ಅಂತ. ಎಲುಬು ಈ ಲೋಕದ್ದೇ ತಾನೇ?

ನನಗನ್ನಿಸುವುದು, ಈ ಪಟ್ಟಿಗಳಿಗೂ ಪ್ರಕೃತಿಗೂ ಸಂಬಂಧ ಕಡಿಮೆ. ಡ್ರೂಯಿಡ್ ಕೈಗೆ ಎಷ್ಟು ಬಲ ಕೊಡಬೇಕು ಅನ್ನುವುದಕ್ಕೆ ಹಾಕಿದ ಬೇಲಿ ಅದು.

ನಮ್ಮ ಮೇಜಿನಲ್ಲಿ ಆಟ ನಡೆಸುವವನು ನಾನೇ. ಡ್ರೂಯಿಡ್ ಆಡುವ ಹುಡುಗಿ ಒಂದು ಭಾನುವಾರ ಪಟ್ಟು ಹಿಡಿದಳು. “ಕಾಡಲ್ಲೇ ಹುಟ್ಟುತ್ತೆ, ಕಾಡಲ್ಲೇ ಸಾಯುತ್ತೆ. ಸಹಜ ಅನ್ನೋಕೆ ಇನ್ನೇನು ಬೇಕು ಸಾರ್?” ಉತ್ತರ ಇರಲಿಲ್ಲ, ಒಪ್ಪಿಬಿಟ್ಟೆ. ನಾನು ವಾರಗಟ್ಟಲೆ ಸಾಕಿದ್ದ ಖಳನಾಯಕನನ್ನು ಅವಳ ಗೂಬೆಕರಡಿ ಎರಡೇ ಸುತ್ತಿನಲ್ಲಿ ಮುಗಿಸಿತು.