‘ಹಸು ಒಂದು ಸಾಕುಪ್ರಾಣಿ’ ಬಿಟ್ಟು ಮಕ್ಕಳಿಂದ ಇನ್ನೇನು ಬರೆಸಬಹುದು?

ದೃಶ್ಯ: ಮೇಜಿನ ಮೇಲೆ ಒಂದು ನೋಟ್‌ಬುಕ್. ಪೆನ್ಸಿಲ್ ಹಿಡಿದ ಪುಟ್ಟ ಕೈ. ಮುಖ ಕಾಣಿಸುವುದು ಬೇಡ.

ನಿರೂಪಣೆ:

“ಹಸು ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ ಇದೆ. ಹಸು ಹುಲ್ಲು ತಿನ್ನುತ್ತದೆ. ಹಸು ನಮಗೆ ಹಾಲು ಕೊಡುತ್ತದೆ.”

ಇದನ್ನ ಬರೆಯದೆ ಪ್ರೈಮರಿ ಸ್ಕೂಲು ದಾಟಿದವರು ನಮ್ಮಲ್ಲಿ ಯಾರಾದ್ರೂ ಇದ್ದೀರಾ? ಕ್ಲಾಸಲ್ಲಿ 30 ಮಕ್ಕಳಿದ್ರೆ 30 ನೋಟ್‌ಬುಕ್‌ನಲ್ಲೂ ಇದೇ ಹಸು. ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಹೋಗಿ ಕರು ಬಿಟ್ಟು ಬಂದಿರೋ ಹುಡುಗಿನೂ ಇದನ್ನೇ ಬರೀತಾಳೆ, ಹಸುವನ್ನ ಟ್ರಾಫಿಕ್ ಮಧ್ಯದಲ್ಲಿ ಮಾತ್ರ ನೋಡಿರೋ ಹುಡುಗನೂ ಇದನ್ನೇ ಬರೀತಾನೆ. ಆ ಹುಡುಗಿಗೆ ಹಸು ಬಗ್ಗೆ ಗೊತ್ತಿರೋದು ಟೀಚರಿಗೂ ಗೊತ್ತಿರಲ್ಲ. ಆದ್ರೆ ಅದನ್ನ ಯಾರೂ ಕೇಳಲಿಲ್ಲ.

ನಮಸ್ಕಾರ. 1ರಿಂದ 3ನೇ ಕ್ಲಾಸಿನ ಮಕ್ಕಳಿಗೆ ಸ್ವಂತವಾಗಿ ಬರೆಯೋಕೆ ಏನು ಕೊಡಬೇಕು ಅನ್ನೋದು ಇವತ್ತಿನ ವಿಷಯ. ನಾನು ಹೇಳೋದು ಒಂದೇ ಮಾತು: ಮಕ್ಕಳಿಗೆ ವಿಷಯ ಕೊಡಬೇಡಿ, ಪ್ರಶ್ನೆ ಕೊಡಿ. ಅದೂ ಆ ಮಗು ಮಾತ್ರ ಉತ್ತರ ಹೇಳಬಲ್ಲಂಥ ಪ್ರಶ್ನೆ.

ಪರದೆಯ ಮೇಲೆ: “ಹಸು” ಎಂಬ ಪದಕ್ಕೆ ಅಡ್ಡಗೆರೆ. ಕೆಳಗೆ, “ನಿಮ್ಮ ಹಸುಗೆ ಯಾರನ್ನ ಕಂಡ್ರೆ ಆಗಲ್ಲ?”

ಮನೇಲಿ ಹಸು ಇಲ್ವಾ? “ನಿಮ್ಮ ಬೀದಿ ನಾಯಿ ಮಳೆ ಬಂದಾಗ ಎಲ್ಲಿ ಮಲಗುತ್ತೆ?” ಅಂತ ಕೇಳಿ. “ನನ್ನ ಅಮ್ಮ” ಅಂತ ಪ್ರಬಂಧ ಬರೆಸಿದ್ರೆ “ಅಮ್ಮ ದೇವರ ಸಮಾನ” ಬರುತ್ತೆ. “ಅಮ್ಮನ ಬ್ಯಾಗಲ್ಲಿ ಏನೇನಿದೆ?” ಅಂತ ಕೇಳಿ ನೋಡಿ, ಸೇಫ್ಟಿ ಪಿನ್ನು, ಹಳೇ ಬಸ್ ಟಿಕೆಟ್ಟು, ಅರ್ಧ ಚಾಕೊಲೇಟ್ ಎಲ್ಲಾ ಆಚೆ ಬರುತ್ತೆ. ಪ್ರಶ್ನೆ ಚೆನ್ನಾಗಿದೆಯಾ ಅಂತ ತಿಳಿಯೋದೂ ಸುಲಭ. ಪಕ್ಕದಲ್ಲಿ ಕೂತಿರೋ ಮಗು ಇದಕ್ಕೆ ಬೇರೆ ಉತ್ತರ ಬರೆಯುತ್ತಾ? ಬರೆಯುತ್ತೆ ಅಂದ್ರೆ ಪ್ರಶ್ನೆ ಸರಿಯಾಗಿದೆ. ಇಬ್ಬರೂ ಒಂದೇ ಉತ್ತರ ಬರೀತಾರೆ ಅಂದ್ರೆ ಅದು ಗೈಡ್‌ನಲ್ಲಿ ಆಗಲೇ ಇದೆ.

ಈಗ ನಿಮ್ಮಲ್ಲಿ ಕೆಲವರಿಗೆ ಅನಿಸ್ತಿರಬಹುದು, ಒಂದನೇ ಕ್ಲಾಸಿನ ಮಗುಗೆ ಇನ್ನೂ ಕಾಗುಣಿತಾನೇ ಬರಲ್ಲ, ಏನು ಬರೆಯುತ್ತೆ ಅಂತ.

ಬರೆಯುತ್ತೆ. ಸ್ವಲ್ಪ ವಿವರವಾಗಿ ನೋಡೋಣ, ಯಾಕಂದ್ರೆ ನನಗೆ ಬಹಳ ಇಷ್ಟವಾದ ಭಾಗ ಇದು. ಚಿಕ್ಕ ಕ್ಲಾಸಿನ ಮಕ್ಕಳಿಗೆ ಆಟ, ಚಟುವಟಿಕೆಗಳಿಂದ ಕಲಿಸೋ ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಗೊತ್ತಲ್ಲ, 1995ರಲ್ಲಿ ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿದ್ದು. ಅದರಲ್ಲಿ ಅಕ್ಷರ ಕಲಿಸೋದು ಅ ಆ ಇ ಈ ಕ್ರಮದಲ್ಲಿ ಅಲ್ಲ. ಮೊದಲು ಬರೋದು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ.

ಪರದೆಯ ಮೇಲೆ: ರ ಗ ಸ ದ ಅ. ಅಕ್ಷರಗಳು ಒಂದೊಂದಾಗಿ ಸರಿದು ಪದಗಳಾಗುತ್ತವೆ: ಅರಸ, ಅಗಸ, ಗರಗಸ, ಸರ, ರಸ.

ಐದೇ ಅಕ್ಷರ. ದೀರ್ಘ ಇಲ್ಲ, ಒತ್ತು ಇಲ್ಲ, ಕೊಂಬು ಇಲ್ಲ. ಆದ್ರೂ ಒಬ್ಬ ಅರಸ ಬಂದ, ಒಬ್ಬ ಅಗಸ ಬಂದ, ಒಂದು ಗರಗಸ ಬಂತು. ಕಥೆಗೆ ಇನ್ನೇನು ಬೇಕು? ಈ ಐದರಲ್ಲೇ “ಸರಸರ” ಇದೆ, “ಗರಗರ” ಇದೆ. “ಸರಸರ ಹೋದದ್ದು ಯಾರು? ಗರಗರ ತಿರುಗಿದ್ದು ಯಾವುದು?” ಅಂತ ಕೇಳಿ. ಮಗು ಚಿತ್ರ ಬರೆಯಲಿ, ಪಕ್ಕದಲ್ಲಿ ಒಂದು ಪದ ಬರೆಯಲಿ. ಅದು ಬರವಣಿಗೇನೇ.

ಕನ್ನಡದಲ್ಲಿ ಇಂಥ ಸದ್ದಿನ ಪದಗಳಿಗೆ ಬರ ಇಲ್ಲ. ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಭಾರಿ ಹೆಸರು ಇಟ್ಟಿದ್ದೀವಿ, ಪಾಪ. ಪಟಪಟ, ಟಪಟಪ, ದಡದಡ, ಗಡಗಡ, ಬಡಬಡ, ಚಟಚಟ. ನೋಡಿ, ಎಲ್ಲಾ ತಲೆಕಟ್ಟಿನ ಅಕ್ಷರಗಳೇ. ಕಾಗುಣಿತ ಬರದ ಮಗುನೂ ಇವನ್ನ ಬರೆಯಬಹುದು. ಮಗುನ ಅಡುಗೆಮನೆ ಬಾಗಿಲಲ್ಲಿ ಕೂರಿಸಿ, ಎಣ್ಣೆ ಹಾರದಷ್ಟು ದೂರದಲ್ಲಿ. ಒಗ್ಗರಣೆ ಹಾಕುವಾಗ ಏನೇನು ಸದ್ದು ಕೇಳಿಸ್ತು ಬರಿ ಅನ್ನಿ. ಸಾಸಿವೆದು ಒಂದು, ಕರಿಬೇವಿಂದು ಒಂದು, ಕುಕ್ಕರ್‌ದು ಇನ್ನೊಂದು. ಕುಕ್ಕರ್ ಸದ್ದಿಗೆ ಯಾವ ಪುಸ್ತಕದಲ್ಲೂ ಇಲ್ಲದ ಪದ ಹುಟ್ಟಿದ್ರೆ ಸಂತೋಷಪಡಿ.

ದೃಶ್ಯ: ಬಟ್ಟೆ ಚೀಲ. ಒಳಗೆ ಕೈ ಹಾಕಿ ಹುಡುಕುತ್ತಿರುವ ಮಗು.

ಎರಡನೇ, ಮೂರನೇ ಕ್ಲಾಸಿನವರಿಗೆ ಒಗಟು. “ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ”, ಮಲ್ಲಿಗೆ. “ಅಂಕುಡೊಂಕಿನ ಬಾವಿ, ಶಂಖಚಕ್ರದ ಬಾವಿ, ಬಗ್ಗಿ ನೋಡಿದ್ರೆ ಹನಿ ನೀರಿಲ್ಲ”, ಕಿವಿ. ಇಂಥವು ಮಕ್ಕಳಿಗೆ ಬಾಯಿಪಾಠ ಇರುತ್ತೆ, ಅಜ್ಜಿ ಜೊತೆ ಬೆಳೆದಿದ್ರಂತೂ ಕೇಳೋದೇ ಬೇಡ. ಅವರಿಂದ ಉತ್ತರ ಹೇಳಿಸೋದು ಬಿಟ್ಟು ಒಗಟನ್ನೇ ಕಟ್ಟಿಸಿ. ಚೀಲದೊಳಗೆ ಒಂದು ವಸ್ತು ಇಡಿ: ಹುಣಸೆಹಣ್ಣು, ಬಾಚಣಿಗೆ, ತೆಂಗಿನ ಚಿಪ್ಪು, ಏನಾದ್ರೂ ಸರಿ. ಮಗು ಮುಟ್ಟಿ ನೋಡಿ, ಹೆಸರು ಹೇಳದೆ ಮೂರು ಸುಳಿವು ಬರೆಯಬೇಕು. ಉಳಿದವರು ಓದಿ ಕಂಡುಹಿಡೀಬೇಕು. ಇಲ್ಲಿ ಒಂದು ಸ್ವಾರಸ್ಯ ಇದೆ. “ಚೆನ್ನಾಗಿದೆ” ಅಂತ ಬರೆದ್ರೆ ಯಾರಿಗೂ ಗೊತ್ತಾಗಲ್ಲ. “ಹಲ್ಲು ಇದೆ, ಆದ್ರೆ ಕಚ್ಚಲ್ಲ” ಅಂದ ತಕ್ಷಣ ಇಡೀ ಕ್ಲಾಸು ಬಾಚಣಿಗೆ ಅಂತ ಕೂಗುತ್ತೆ. ವಿವರ ಯಾಕೆ ಬೇಕು ಅಂತ ನೀವು ಬೇರೆ ಪಾಠ ಮಾಡಬೇಕಾಗಿಲ್ಲ.

ಕೆಲಸಕ್ಕೆ ಬರೋ ಬರವಣಿಗೆನೂ ಮಕ್ಕಳಿಗೆ ಇಷ್ಟ. ಅಂಗಡಿ ಚೀಟಿ ಅವರೇ ಬರೆಯಲಿ. “ಸಕರೆ ಅರ್ದ ಕೇಜಿ, ಕೊತಂಬರಿ ಒಂದು ಕಟು” ಅಂತ ಬರೆದ್ರೂ ಅಂಗಡಿಯವರು ಓದಿ ಸಾಮಾನು ಕೊಡ್ತಾರೆ. ತಾನು ಬರೆದದ್ದಕ್ಕೆ ಸಕ್ಕರೆ ಸಿಕ್ಕಿತು ಅನ್ನೋದು ಹತ್ತಕ್ಕೆ ಹತ್ತು ಅಂಕಕ್ಕಿಂತ ದೊಡ್ಡದು. ಇನ್ನು ಪತ್ರ. ನಮ್ಮ ಶಾಲೆಗಳಲ್ಲಿ ಮಗು ಬರೆಯೋ ಮೊದಲ ಪತ್ರ ಯಾವಾಗಲೂ ರಜಾ ಅರ್ಜಿ, ಅದರಲ್ಲಿ ಯಾವಾಗಲೂ ಜ್ವರ. ಅದೇ ನಮೂನೆ ಇಟ್ಟುಕೊಂಡು ಅಪ್ಪನಿಗೆ ದೂರಿನ ಅರ್ಜಿ ಬರೆಸಿ: “ವಿಷಯ: ತಮ್ಮ ನನ್ನ ರಬ್ಬರ್ ಕಚ್ಚಿದ ಬಗ್ಗೆ.” ನಮೂನೆನೂ ಬರುತ್ತೆ, ಸಿಟ್ಟೂ ಇಳಿಯುತ್ತೆ.

ಕಲ್ಪನೆ ಮಾಡಿಸಬೇಕು ಅಂದ ತಕ್ಷಣ ಎಲ್ಲರೂ ಹಿಡಿಯೋದು “ನಾನು ಪ್ರಧಾನಮಂತ್ರಿ ಆದರೆ”. ದಯವಿಟ್ಟು ಬಿಟ್ಟುಬಿಡಿ. ಏಳು ವರ್ಷದ ಮಗುಗೆ ಆ ಕುರ್ಚಿ ಬಹಳ ದೊಡ್ಡದು, ಅದು ದೊಡ್ಡವರ ಮಾತನ್ನೇ ತಿರುಗಿ ಒಪ್ಪಿಸುತ್ತೆ. ಇದನ್ನ ಕೊಡಿ: “ದೇವಸ್ಥಾನದ ಹೊರಗೆ ಬಿಟ್ಟ ನಿನ್ನ ಚಪ್ಪಲಿ, ಪಕ್ಕದ ಚಪ್ಪಲಿ ಜೊತೆ ಏನು ಮಾತಾಡ್ತು?” ಇಲ್ಲಾಂದ್ರೆ, “ರಾತ್ರಿ ಎಲ್ಲರೂ ಮಲಗಿದ ಮೇಲೆ ಫ್ರಿಜ್ ಒಳಗೆ ಜಗಳ ಶುರುವಾಯ್ತು. ಯಾರ್ಯಾರಿಗೆ?” ಕಲ್ಪನೆಗೂ ಕಾಲಿಡೋಕೆ ಗೊತ್ತಿರೋ ನೆಲ ಬೇಕು.

ಪರದೆಯ ಮೇಲೆ: ಮಾತು, ಚಿತ್ರ, ಆಮೇಲೆ ಬರಹ.

ಪ್ರಶ್ನೆ ಕೊಟ್ಟು “ಬರಿ” ಅಂತ ಕೂತುಬಿಡಬೇಡಿ. ಮೊದಲು ಐದು ನಿಮಿಷ ಮಾತು. ಮನೇಲಿ ತುಳುನೋ ಉರ್ದುನೋ ಲಂಬಾಣಿನೋ ಆಡೋ ಮಗು ಆ ಭಾಷೆಯಲ್ಲೇ ಹೇಳಲಿ, ಕನ್ನಡ ಪದ ಆಮೇಲೆ ಹುಡುಕೋಣ. ಧಾರವಾಡದ ಮಗು “ಅವ್ವ ನನಗ ಬೈದ್ಲು” ಅಂತ ಬರೆದ್ರೆ ಅದನ್ನ “ತಾಯಿಯು ನನ್ನನ್ನು ಬೈದರು” ಅಂತ ತಿದ್ದಬೇಡಿ. ಹಾಗೆ ತಿದ್ದಿದ್ರೆ ಆ ಅವ್ವ ಅಲ್ಲಿಂದ ಎದ್ದು ಹೋಗ್ತಾಳೆ. ಪುಸ್ತಕದ ಕನ್ನಡ ಕಲಿಯೋಕೆ ಇನ್ನೂ ವರ್ಷಗಳಿವೆ.

ನ್ಯೂಜಿಲೆಂಡಿನಲ್ಲಿ ಮಾವೋರಿ ಮಕ್ಕಳಿಗೆ ಕಲಿಸ್ತಿದ್ದ ಸಿಲ್ವಿಯಾ ಆಷ್ಟನ್-ವಾರ್ನರ್ ಅನ್ನೋ ಶಿಕ್ಷಕಿ ಇನ್ನೂ ಹಿಂದಕ್ಕೆ ಹೋಗಿದ್ರು. ಒಬ್ಬೊಬ್ಬ ಮಗುನೂ ಕರೆದು “ನಿನಗೆ ಯಾವ ಪದ ಬೇಕು?” ಅಂತ ಕೇಳ್ತಿದ್ರು. ಅದು ಹೇಳಿದ ಪದವನ್ನ ಕಾರ್ಡಿನ ಮೇಲೆ ಬರೆದು ಅದರ ಕೈಗೇ ಕೊಡ್ತಿದ್ರು. ಮಕ್ಕಳು ಕೇಳ್ತಿದ್ದಿದ್ದು ಭಯದ, ಪ್ರೀತಿಯ ಪದಗಳನ್ನ. ಹಾಗೆ ಕೇಳಿ ಪಡೆದ ಪದಗಳನ್ನ ಮಕ್ಕಳು ಬೇಗ ಮರೀತಿರಲಿಲ್ಲ. ಖಾಲಿ ರಟ್ಟಿನ ಡಬ್ಬ ಕತ್ತರಿಸಿದ್ರೆ ನಿಮ್ಮ ಮನೇಲೂ ಇವತ್ತೇ ಶುರು ಮಾಡಬಹುದು.

ತಪ್ಪು ತಿದ್ದೋ ವಿಷಯಕ್ಕೆ ಬರೋಣ.

ಪರದೆಯ ಮೇಲೆ: “ಅಜಿ ನಗೆ ಹಪಳ ಕೊಟರು”.

ಕೆಂಪು ಪೆನ್ನಿಗೆ ಇಲ್ಲಿ ಹಬ್ಬ. ಆದ್ರೆ ಮಗುಗೆ ಏನೇನು ಗೊತ್ತಿದೆ ನೋಡಿ: ಜ ಕೇಳಿಸಿದೆ, ಪ ಕೇಳಿಸಿದೆ, ವಾಕ್ಯದ ಕ್ರಮ ಸರಿ ಇದೆ, ಕೊಟ್ಟವರು ದೊಡ್ಡವರು ಅಂತ “ರು” ಕೂಡ ಹಾಕಿದೆ. ಬರದೇ ಇರೋದು ಮುಖ್ಯವಾಗಿ ಒತ್ತು. ಒತ್ತಕ್ಷರ ಕನ್ನಡ ಬರವಣಿಗೆಯಲ್ಲಿ ಮಕ್ಕಳಿಗೆ ಬಹಳ ತಡವಾಗಿ ದಕ್ಕೋ ಸಂಗತಿಗಳಲ್ಲಿ ಒಂದು. ಕೆಂಪು ಗೆರೆ ಎಳೆದ್ರೆ ನಾಳೆ ಮಗು ಅಜ್ಜಿನೂ ಬಿಡುತ್ತೆ, ಹಪ್ಪಳಾನೂ ಬಿಡುತ್ತೆ, ಒತ್ತಿಲ್ಲದ “ಹಸು”ಗೆ ವಾಪಸ್ ಹೋಗುತ್ತೆ. ನೀವು ಕೆಳಗೆ ಉತ್ತರ ಬರೀರಿ: “ಅಜ್ಜಿ ಎಷ್ಟು ಹಪ್ಪಳ ಕೊಟ್ಟರು? ನನಗೆ ಒಂದು ಉಳಿಸಿದ್ಯಾ?” ಸರಿಯಾದ ರೂಪ ಕಣ್ಣಿಗೆ ಬಿತ್ತು, ಬೈಗುಳ ಬೀಳಲಿಲ್ಲ. ಒಂದು ಸಲಕ್ಕೆ ಒಂದೇ ಒತ್ತು ಕಲಿಸಿ, ಇವತ್ತು ಜ್ಜ, ಇನ್ನೊಂದು ದಿನ ಪ್ಪ.

ಟೀಚರ್‌ಗಳು ಕೇಳಬಹುದು, ಇದಕ್ಕೆಲ್ಲಾ ಸಮಯ ಎಲ್ಲಿ ಅಂತ. ನ್ಯಾಯವಾದ ಪ್ರಶ್ನೆ. 2021ರ ಜುಲೈನಲ್ಲಿ ಶುರುವಾದ ಕೇಂದ್ರದ ನಿಪುಣ್ ಭಾರತ್ ಯೋಜನೆಗೆ ಒಂದು ಗುರಿ ಇದೆ: 2026–27ರೊಳಗೆ 3ನೇ ಕ್ಲಾಸು ಮುಗಿಸೋ ಪ್ರತಿ ಮಗುಗೂ ಓದು, ಬರಹ, ಲೆಕ್ಕದ ಬುನಾದಿ ಸಿಗಬೇಕು ಅಂತ. ಓದಿಗೆ ನಿಮಿಷಕ್ಕೆ 60 ಪದ ಅಂತ ಅಳತೆನೂ ಇದೆ. ಬರವಣಿಗೆ ಹತ್ರ ಗಡಿಯಾರ ಹಿಡಿದು ಕೂರೋಕಾಗಲ್ಲ, ಅದಕ್ಕೇ ಅದು ಕಾಪಿ ರೈಟಿಂಗ್‌ಗೆ ಇಳಿದುಬಿಡುತ್ತೆ ಅನ್ನೋದು ನನ್ನ ಗುಮಾನಿ. ದಿನಾ ಬೇಡ, ವಾರಕ್ಕೆ ಎರಡು ಸಲ, ಕಾಪಿ ಬರೆಸೋ ಸಮಯದಲ್ಲೇ ಹತ್ತು ನಿಮಿಷ ಸಾಕು.

ಹೊರದೇಶದಲ್ಲಿ ವಾರಾಂತ್ಯಕ್ಕೆ ಮಾತ್ರ ಕನ್ನಡ ಕಲಿಯೋ ಮಕ್ಕಳಿಗೆ ಒಂದು ಪ್ರಶ್ನೆ ಬೇರೆ ಇದೆ. ವಿಡಿಯೋ ಕಾಲ್‌ನಲ್ಲಿ ಅಜ್ಜ-ಅಜ್ಜಿನ ಕೇಳಲಿ: “ನೀವು ನನ್ನಷ್ಟು ದೊಡ್ಡವರಿದ್ದಾಗ ಏನು ಮಾಡಿ ಬೈಸಿಕೊಂಡ್ರಿ?” ಉತ್ತರದಲ್ಲಿ ಕೇಳಿಸಿದ ಒಂದು ವಾಕ್ಯ ಬರೆದ್ರೆ ಸಾಕು.

ಕೊನೇದು. ಒಂದೇ ಸಾಲು ಬರೆದು “ಆಯ್ತು ಮಿಸ್” ಅನ್ನೋ ಮಕ್ಕಳಿರ್ತಾರೆ. “ಇನ್ನೂ ಬರಿ” ಅಂದ್ರೆ ಬರೆಯಲ್ಲ. ಆ ಸಾಲನ್ನ ಗಟ್ಟಿಯಾಗಿ ಓದಿ, ನಿಜವಾಗಲೂ ತಿಳ್ಕೊಳ್ಳೋ ಆಸೆಯಿಂದ “ಆಮೇಲೆ?” ಅನ್ನಿ. ಬಾಯಲ್ಲಿ ಹೇಳಿದ್ರೆ, “ಅದನ್ನೇ ಇಲ್ಲಿ ಹಾಕು” ಅನ್ನಿ. ಆಗಲೂ ಇಲ್ಲ ಅಂದ್ರೆ ಬಿಡಿ, ಇವತ್ತಿಗೆ ಆ ಮಗು ಹತ್ರ ಇದ್ದದ್ದು ಅಷ್ಟೇ.

ಪರದೆಯ ಮೇಲೆ: ಮುಂದಿನ ವಿಡಿಯೋ: ಒತ್ತಕ್ಷರಕ್ಕೆ ಆಟಗಳು.