ತೆರಿಗೆ ಬಿಟ್ಟುಕೊಡುವುದೂ ಖರ್ಚೇ

ಆಕಾಶವಾಣಿ ಮಂಗಳೂರು ಕೇಂದ್ರದ ಕೇಳುಗರಿಗೆ ನಮಸ್ಕಾರ. ಬೊಕ್ಕಸದಲ್ಲಿ ದುಡ್ಡಿಲ್ಲ, ಬಡವರ ಯೋಜನೆಗಳಿಗೆ ಕತ್ತರಿ ಹಾಕದೆ ಗತ್ಯಂತರವಿಲ್ಲ ಎಂಬ ಮಾತು ಬಜೆಟ್ ಬಂದಾಗಲೆಲ್ಲ ಕಿವಿಗೆ ಬೀಳುತ್ತದೆ. ನಾನು ಇಂದು ಹೇಳಬೇಕೆಂದಿರುವುದು ಒಂದೇ: ಸರಕಾರ ತೆರಿಗೆಯನ್ನು ಬಿಟ್ಟುಕೊಡುವುದೂ ಖರ್ಚೇ. ಕೊಟ್ಟ ಹಣ ಲೆಕ್ಕದಲ್ಲಿ ಎದ್ದು ಕಾಣುತ್ತದೆ, ವಸೂಲು ಮಾಡದೆ ಬಿಟ್ಟ ಹಣವನ್ನು ಯಾರೂ ಕೇಳುವುದಿಲ್ಲ.

2019ರ ಸೆಪ್ಟೆಂಬರ್ 20ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು, ಇತರ ರಿಯಾಯಿತಿಗಳನ್ನು ಬಿಟ್ಟುಕೊಡಲು ಒಪ್ಪುವ ದೇಶೀಯ ಕಂಪನಿಗಳ ತೆರಿಗೆಯ ಮೂಲದರವನ್ನು ಶೇಕಡಾ 22ಕ್ಕೆ ಇಳಿಸಿದರು. ದೊಡ್ಡ ಕಂಪನಿಗಳಿಗೆ ಅದುವರೆಗೆ ಶೇಕಡಾ 30 ಇತ್ತು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಆದಾಯ ಖೋತಾ ಆಗುವುದೆಂದು ಅಂದಾಜು ಮಾಡಿದ್ದು ಸ್ವತಃ ಸರಕಾರವೇ.

ಈಗ ಕಾಪುವಿನ ಕಡೆಯ ಒಬ್ಬ ಹಿರಿಯ ತಾಯಿಯ ವಿಷಯ ಹೇಳುತ್ತೇನೆ. ಮದುವೆಯಾಗಿ ಬಂದಂದಿನಿಂದ ಬೀಡಿ ಕಟ್ಟಿದವರು. ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಟಿ, ನೂಲು ಸುತ್ತಿ, ಸಂಜೆಗೆ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದು ಕೊಡುತ್ತಿದ್ದರು; ಸರಿಯಿಲ್ಲವೆಂದು ಅಲ್ಲಿ ತೆಗೆದು ಬದಿಗಿಟ್ಟ ಬೀಡಿಗೆ ಮಜೂರಿಯಿಲ್ಲ. ಕತ್ತರಿಯ ಹಿಡಿ ಉಜ್ಜಿ ಉಜ್ಜಿ ಅವರ ಬಲಗೈಯ ಹೆಬ್ಬೆರಳು ಜಡ್ಡುಗಟ್ಟಿದೆ. ಪಿಂಚಣಿಯ ಪಾಸ್‌ಬುಕ್ಕನ್ನು ನನ್ನ ಮುಂದೆ ಚಾಚಿ ಅವರು ಕೇಳಿದರು: "ಮಾಷ್ಟ್ರೇ, ಕಣ್ಣು ಮಂಜಾಗಿದೆ, ಇನ್ನು ಬೀಡಿ ಕಟ್ಲಿಕ್ಕೆ ಆಗುದಿಲ್ಲ. ಇದ್ರಲ್ಲಿ ದಿಲ್ಲಿಯದ್ದು ಎಷ್ಟು?" ಇನ್ನೂರು ರೂಪಾಯಿ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ನೋಡಿ ಎಂದರು. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ 80 ವರ್ಷ ತುಂಬದವರಿಗೆ ಕೇಂದ್ರದ ತಿಂಗಳ ಪಾಲು 2007ರಲ್ಲಿಯೂ 200 ರೂಪಾಯಿ, ಈಗಲೂ 200 ರೂಪಾಯಿ. ಉಳಿದದ್ದನ್ನು ರಾಜ್ಯ ಸೇರಿಸುತ್ತದೆ. ಇನ್ನೂರು ರೂಪಾಯಿಗೆ ಇಂದು ನಮ್ಮ ಅಂಗಡಿಗಳಲ್ಲಿ ಎಷ್ಟು ಕುಚ್ಚಲಕ್ಕಿ ಸಿಗುತ್ತದೆಂದು ತಾವೇ ಬಲ್ಲಿರಿ. ಈ ಯೋಜನೆಯನ್ನು ಯಾರೂ ರದ್ದು ಮಾಡಲಿಲ್ಲ, ಯಾರೂ ಕಡಿತದ ಆದೇಶ ಹೊರಡಿಸಲಿಲ್ಲ. ಬೆಲೆ ಏರುತ್ತಿರುವಾಗ ಮೊತ್ತವನ್ನು ಹಾಗೆಯೇ ಬಿಟ್ಟರೆ ಸಾಕು, ಕಡಿತ ತಾನಾಗಿ ಆಗುತ್ತದೆ.

ಈ ತಾಯಿ ತೆರಿಗೆ ಕಟ್ಟುವುದಿಲ್ಲವೆಂದು ಹೇಳುವವರ ಮಾತು ನನಗೆ ಸಹನೆಯಾಗುವುದಿಲ್ಲ. ಸೋಪಿಗೂ ಚಹಾಪುಡಿಗೂ ಅವರು ಜಿ.ಎಸ್.ಟಿ. ಕೊಡುತ್ತಾರೆ, ಅದರಲ್ಲಿ ಅವರಿಗೆ ರಿಯಾಯಿತಿಯಿಲ್ಲ.

ಸಮಯ ಕಡಿಮೆಯಿರುವುದರಿಂದ ಉದ್ಯೋಗ ಖಾತ್ರಿಯ ಬಗ್ಗೆ ಒಂದೇ ಮಾತು. 2022-23ರ ಪರಿಷ್ಕೃತ ಅಂದಾಜಿನಲ್ಲಿ ಅದಕ್ಕೆ 89,400 ಕೋಟಿ ರೂಪಾಯಿ ಇತ್ತು, ಮರುವರ್ಷದ ಬಜೆಟ್ಟಿನಲ್ಲಿ 60,000 ಕೋಟಿ ಇಟ್ಟರು. ಕೆಲಸ ಕೇಳಿ ಬರುವವರು ನಿಲ್ಲದ ಕಾರಣ ವರ್ಷದ ನಡುವೆ ಅದನ್ನು ಮತ್ತೆ ಏರಿಸಬೇಕಾಯಿತು. ಕಂಪನಿಗಳಿಗೆ ಬಿಟ್ಟ ತೆರಿಗೆಯನ್ನು ಬೇಕೇ ಬೇಡವೇ ಎಂದು ಹೀಗೆ ವರ್ಷವರ್ಷ ಅಳೆದು ತೂಗಿದ್ದನ್ನು ನಾನು ಕಂಡಿಲ್ಲ.

ತೆರಿಗೆ ಬಿಟ್ಟುಕೊಡುವುದೂ ಖರ್ಚೇ ಎಂಬುದನ್ನು ಸರಕಾರ ಬರೆದೇ ಇಟ್ಟಿದೆ: ತೆರಿಗೆ ರಿಯಾಯಿತಿಗಳಿಂದ ಎಷ್ಟು ಆದಾಯ ಕೈತಪ್ಪಿತೆಂಬ ವಿವರ ಪ್ರತಿವರ್ಷ ಕೇಂದ್ರ ಬಜೆಟ್ಟಿನ ದಾಖಲೆಗಳ ಜೊತೆಯಲ್ಲಿ ಬರುತ್ತದೆ. ಫೆಬ್ರವರಿಯಲ್ಲಿ ಬಜೆಟ್ ಮಂಡನೆಯಾದಾಗ ಆ ಪುಟವನ್ನು ತೆರೆದು ನೋಡಿ, ತಮ್ಮ ಊರಿಗೆ ಬರುವ ಸಂಸದರ ಬಳಿ ಆ ಪುಟದ ಬಗ್ಗೆಯೂ ಇನ್ನೂರು ರೂಪಾಯಿಯ ಬಗ್ಗೆಯೂ ಒಟ್ಟಿಗೇ ಕೇಳಿ. ನಮಸ್ಕಾರ.